ವೈಟ್‌ಚಾಪೆಲ್‌ನ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಹಿರಿಯರ ಮೂಲ ಊರು ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯ ಕಡೆಯವಳು, ಮದುವೆಯಾಗಿ ಇಂಗ್ಲೆಂಡ್‌ನಲ್ಲಿದ್ದೇನೆ. ಮಗಳಿಗೆ ನನ್ನ ಕಡೆಯ ಹಿರಿಯರ ಬಗ್ಗೆ ಹೇಳೋಕೆ ಬೇಕಾದಷ್ಟಿದೆ. ನಮ್ಮೆಜಮಾನರ ಕಡೆಯದು ಮಾತ್ರ ಒಬ್ಬರ ಹತ್ತಿರ ಬಂದು ನಿಂತುಬಿಟ್ಟಿದೆ. 1851ರ ಜನಗಣತಿಯಲ್ಲಿ ಅವರು ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿದ್ದಾರೆ. ಹೆಸರು ಹೆನ್ರಿ, ಕಸುಬು ‘ಶುಗರ್ ಬೇಕರ್’ (ಅಂದರೆ ಸಕ್ಕರೆ ಶುದ್ಧೀಕರಿಸುವ ಕೆಲಸ), ಹುಟ್ಟಿದ್ದು ‘ಜರ್ಮನಿ’, ಅಷ್ಟೇ. 1861ರ ಹೊತ್ತಿಗೆ ಹೆಂಡತಿ ವಿಧವೆ. ಅವರ ಊರು ಪತ್ತೆಯಾಗುತ್ತದಾ? ಅಷ್ಟು ಬೇಗ ತೀರಿಕೊಂಡಿದ್ದು ಆ ಕೆಲಸದಿಂದಲೇ ಇರಬಹುದಾ?

ಉತ್ತರ: ನಮಸ್ಕಾರ ಮೇಡಂ. ಊರು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಈಗಲೇ ಜರ್ಮನಿಯ ದಾಖಲೆಗಳಿಗೆ ಕೈ ಹಾಕಬೇಡಿ. ಊರು ಗೊತ್ತಿಲ್ಲದೆ ಅಲ್ಲಿ ಹುಡುಕಿದರೆ ಅದೇ ಹೆಸರಿನವರು ನೂರಾರು ಜನ ಸಿಗುತ್ತಾರೆ.

ವೈಟ್‌ಚಾಪೆಲ್ ಮತ್ತು ಅದರ ಪಕ್ಕದ ಸೇಂಟ್ ಜಾರ್ಜ್ ಇನ್ ದಿ ಈಸ್ಟ್, ಇವೇ ಆಗ ಲಂಡನ್ನಿನಲ್ಲಿ ಸಕ್ಕರೆ ಶುದ್ಧೀಕರಣದ ಕೇಂದ್ರಗಳು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ತಯಾರಾದ ಕಚ್ಚಾ ಸಕ್ಕರೆ ಥೇಮ್ಸ್ ದಂಡೆಗೆ ಬಂದಿಳಿಯುತ್ತಿತ್ತು. ಅದನ್ನು ಕುದಿಸಿ ಬಿಳಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಜರ್ಮನಿಯ ಹ್ಯಾನೋವರ್ ಸೀಮೆಯವರು, ಅದರಲ್ಲೂ ಎಲ್ಬೆ ಮತ್ತು ವೇಸರ್ ನದಿಗಳ ನಡುವಿನ ಹಳ್ಳಿಗಳವರು. 1714ರಿಂದ 1837ರವರೆಗೆ ಹ್ಯಾನೋವರ್‌ಗೂ ಬ್ರಿಟನ್ನಿಗೂ ಒಬ್ಬರೇ ದೊರೆ ಇದ್ದದ್ದೂ ಈ ವಲಸೆಗೆ ಅನುಕೂಲವಾಯಿತು. ಮೊದಲು ಬಂದವನು ತನ್ನ ಊರಿನವರನ್ನೇ ಕರೆಸಿಕೊಳ್ಳುತ್ತಿದ್ದ. ನಿಮ್ಮ ಹುಡುಕಾಟಕ್ಕೆ ಇದೇ ಆಧಾರ.

ಹಾಗಾಗಿ ಹೆನ್ರಿಯವರೊಬ್ಬರನ್ನೇ ಹುಡುಕಬೇಡಿ, ಅವರ ಸುತ್ತಲಿದ್ದವರನ್ನೂ ಬರೆದಿಟ್ಟುಕೊಳ್ಳಿ. ಜನಗಣತಿಯ ಅದೇ ಪುಟದಲ್ಲಿ ಅಕ್ಕಪಕ್ಕ ಇದ್ದ ಜರ್ಮನ್ನರು, ಮದುವೆಗೆ ಸಾಕ್ಷಿ ಹಾಕಿದವರು, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತವರು, ಎಲ್ಲರೂ ಬೇಕು. ಇವರಲ್ಲಿ ಒಬ್ಬರ ಊರು ಸಿಕ್ಕರೂ ನಿಮ್ಮವರದು ಅಲ್ಲೇ ಆಸುಪಾಸಿನಲ್ಲಿ ಇರಬಹುದು.

ಮುಂದೆ ನೋಡಬೇಕಾದ್ದು ಚರ್ಚಿನ ಪುಸ್ತಕಗಳು. ಆಲಿ ಸ್ಟ್ರೀಟ್‌ನಲ್ಲಿರುವ ಸೇಂಟ್ ಜಾರ್ಜ್ ಜರ್ಮನ್ ಲುಥೆರನ್ ಚರ್ಚ್ 1762ರಲ್ಲಿ ಸ್ಥಾಪನೆಯಾಯಿತು. ಕಟ್ಟಿಸಲು ದೊಡ್ಡ ಮೊತ್ತ ಕೊಟ್ಟ ಡೀಟ್ರಿಶ್ ಬೆಕ್‌ಮನ್ ಸ್ವತಃ ಸಕ್ಕರೆ ಕಾರ್ಖಾನೆ ಮಾಲೀಕ. ಕಟ್ಟಡ ಇಂದಿಗೂ ನಿಂತಿದೆ, ದಾಖಲೆಗಳು ಟವರ್ ಹ್ಯಾಮ್ಲೆಟ್ಸ್ ಸ್ಥಳೀಯ ಇತಿಹಾಸ ಗ್ರಂಥಾಲಯದಲ್ಲಿವೆ. ಹುಡುಕುವಾಗ ‘ಹೆನ್ರಿ’ ಅಂತ ಮಾತ್ರ ನೋಡಬೇಡಿ. ಅವರು ಅಲ್ಲಿ ‘ಯೋಹಾನ್ ಹೈನ್‌ರಿಷ್’ ಆಗಿರಬಹುದು. ಎರಡು ಮೂರು ಹೆಸರಿಟ್ಟು ಕೊನೆಯದರಿಂದ ಕರೆಯುವುದು ಅವರಲ್ಲಿ ರೂಢಿ. ಅಡ್ಡಹೆಸರನ್ನೂ ಗುಮಾಸ್ತರು ಕೇಳಿಸಿದ ಹಾಗೆ ಬರೆದಿರುತ್ತಾರೆ, ‘ಮ್ಯುಲರ್’ ಅನ್ನುವುದು ‘ಮಿಲ್ಲರ್’ ಆಗಿಬಿಡುತ್ತದೆ.

ಇನ್ನು ಸಾವಿನ ವಿಷಯ. ನೀವು ಮಂಡ್ಯದವರು, ಆಲೆಮನೆಯ ಕೊಪ್ಪರಿಗೆ ಮುಂದಿನ ಶಾಖ ನಿಮಗೆ ಗೊತ್ತು. ಅದನ್ನು ಆರೇಳು ಅಂತಸ್ತಿನ, ತಗ್ಗು ಚಾವಣಿಯ, ಚಿಕ್ಕ ಕಿಟಕಿಗಳ ಕಟ್ಟಡದೊಳಗೆ ಊಹಿಸಿಕೊಳ್ಳಿ. ಮೈಮೇಲೆ ಹೆಚ್ಚೇನೂ ಬಟ್ಟೆಯಿಲ್ಲದೆ ದುಡಿಯುತ್ತಿದ್ದರು. ಬೆವರಿ ಸೊರಗಿದವರಿಗೆ ಮಾಲೀಕರೇ ಬಿಯರ್ ಕೊಡಿಸುತ್ತಿದ್ದರು. ಕುದಿಯುವ ಪಾಕ ಚೆಲ್ಲಿದರೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಉಕ್ಕಿ ಒಲೆಗೆ ಬಿದ್ದರೆ ಬೆಂಕಿ. ವಿಮೆಯವರು ಕೇಳುತ್ತಿದ್ದ ಕಂತು ಎಷ್ಟು ದುಬಾರಿಯಾಗಿತ್ತೆಂದರೆ, 1782ರಲ್ಲಿ ಸಕ್ಕರೆ ಮಾಲೀಕರೇ ಸೇರಿ ಫೀನಿಕ್ಸ್ ಅನ್ನುವ ಅಗ್ನಿವಿಮಾ ಕಂಪನಿ ಕಟ್ಟಿಕೊಂಡರು. ಕಟ್ಟಡಕ್ಕೆ ಹೀಗೊಂದು ರಕ್ಷಣೆ ಸಿಕ್ಕಿತು. ಒಳಗೆ ದುಡಿಯುವವನು ಸುಟ್ಟುಕೊಂಡರೆ ಅವನ ಹೆಂಡತಿ ಮಕ್ಕಳ ಗತಿ ಏನು ಅನ್ನುವುದಕ್ಕೆ ಅಂಥ ಏರ್ಪಾಡು ಇರಲಿಲ್ಲ. ಈ ದಾಖಲೆಗಳನ್ನು ಓದುವಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ.

ಅವರ ವಿಷಯದಲ್ಲಿ ಏನಾಯಿತು ಅನ್ನುವುದನ್ನು ಮರಣ ಪ್ರಮಾಣಪತ್ರವೇ ಹೇಳಬೇಕು. ಇಂಗ್ಲೆಂಡ್‌ನಲ್ಲಿ ನಾಗರಿಕ ನೋಂದಣಿ 1837ರ ಜುಲೈನಲ್ಲಿ ಶುರುವಾಯಿತು, ಜನರಲ್ ರಿಜಿಸ್ಟರ್ ಆಫೀಸಿನಿಂದ ಪ್ರತಿ ತರಿಸಬಹುದು. ಕಾರಣ ‘ಥೈಸಿಸ್’ ಎಂದಿದ್ದರೆ ಅದು ಕ್ಷಯ. ಮಾಹಿತಿ ಕೊಟ್ಟವರ ಜಾಗದಲ್ಲಿ ಕರೋನರ್ (ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಹೆಸರಿದ್ದರೆ ವಿಚಾರಣೆ ನಡೆದಿದೆ ಎಂದರ್ಥ, ಆಗ ಆ ವಾರದ ಪತ್ರಿಕೆಗಳಲ್ಲಿ ವರದಿ ಹುಡುಕಿ.

ಪ್ರಶ್ನೆ: ತುಂಬಾ ಧನ್ಯವಾದ ಸರ್. ಆದರೆ ನನಗೆ ಜರ್ಮನ್ ಬರಲ್ಲ. ಆ ಹಳೇ ಕೈಬರಹ ನೋಡಿದರೇನೇ ಭಯ ಆಗುತ್ತೆ.

ಉತ್ತರ: ಪೂರ್ತಿ ಓದುವ ಅಗತ್ಯವಿಲ್ಲ. ‘ಗೆಬೋರೆನ್’ ಅಂದರೆ ಹುಟ್ಟಿದ್ದು, ‘ಔಸ್’ ಅಂದರೆ ಇಂಥ ಊರಿನಿಂದ. ಈ ಎರಡು ಪದಗಳನ್ನು ಆ ಕೈಬರಹದಲ್ಲಿ ಗುರುತಿಸಲು ಕಲಿತರೆ ಊರಿನ ಹೆಸರು ಎಲ್ಲಿದೆ ಅಂತ ತಿಳಿಯುತ್ತದೆ. ಆಮೇಲೆ ಆರ್ಕಿಯಾನ್ ಜಾಲತಾಣದಲ್ಲಿ ಆ ಊರಿನ ಚರ್ಚ್ ಪುಸ್ತಕ ಇದೆಯೇ ನೋಡಿ, ಚಂದಾ ಕಟ್ಟಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಅತ್ತೆಯವರ ಕಡೆಯ ಹಿರಿಯರು 1890ರ ಸುಮಾರಿಗೆ ಪೂರ್ವ ಲಂಡನ್ನಿನ ಸಿಲ್ವರ್‌ಟೌನ್‌ನಲ್ಲಿ ಸಕ್ಕರೆ ಕೆಲಸಕ್ಕಿದ್ದರಂತೆ. ಅವರೂ ಜರ್ಮನ್ನರೇ ಇರಬಹುದಾ?

ಉತ್ತರ: ಹಾಗೆಂದುಕೊಂಡು ಶುರುಮಾಡಬೇಡಿ. ಯೂರೋಪಿನ ಅಗ್ಗದ ಬೀಟ್ ಸಕ್ಕರೆ ಬಂದು ಆ ಹೊತ್ತಿಗೆ ವೈಟ್‌ಚಾಪೆಲ್‌ನ ಹಳೇ ಕಾರ್ಖಾನೆಗಳು ಬಹುಪಾಲು ಮುಚ್ಚಿದ್ದವು. ಸಕ್ಕರೆ ಉದ್ಯಮಿ ಹೆನ್ರಿ ಟೇಟ್ ಸಿಲ್ವರ್‌ಟೌನ್‌ನಲ್ಲಿ ಕಾರ್ಖಾನೆ ತೆರೆದದ್ದು 1878ರಲ್ಲಿ. ನೀವು 1891ರ ಜನಗಣತಿಯಿಂದ ಹಿಂದಕ್ಕೆ ಹೋಗಿ. ಮೇಡಂ, ನೀವು ಮೊದಲು ಮರಣ ಪತ್ರ ತರಿಸಿ. ಬಂದ ಮೇಲೆ ಕಾರಣದ ಕಾಲಂನಲ್ಲಿ ಏನಿದೆ ಅಂತ ಇಲ್ಲೇ ಹಾಕಿ, ಮುಂದಿನದನ್ನು ಒಟ್ಟಿಗೆ ನೋಡೋಣ.