118ಎನ್‌ಇಗೆ ಈ ಹಳೇ ಅಲಾಯ್ ವೀಲ್ ಆಗ್ತದಾ? ಯಾವ ಗಾಡಿದ್ದು ಅಂತಲೇ ಗೊತ್ತಾಗ್ತಾ ಇಲ್ಲ

ಬದಿಯಡ್ಕ_118

ನಮಸ್ಕಾರ ಎಲ್ರಿಗೂ. ನನ್ನ ಹತ್ರ 1992 ಮಾಡೆಲ್ ಪ್ರೀಮಿಯರ್ 118ಎನ್‌ಇ ಉಂಟು, ಕೆಎಲ್ 14 ಗಾಡಿ, ಅಪ್ಪ ತೆಗೊಂಡದ್ದು, ಇಂಜಿನು ಈಗ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ. ವಿಷಯ ಎಂತ ಅಂದ್ರೆ ಮಾವನ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ನಾಲ್ಕು ಅಲಾಯ್ ವೀಲ್ ಸಿಕ್ಕಿತು. ಮಾವ ಮೊದ್ಲು ಕುವೈತಲ್ಲಿ ಇದ್ದವರು, ಅಲ್ಲಿಂದ ಸಾಮಾನು ಕಳಿಸುವಾಗ ಒಟ್ಟಿಗೆ ಬಂದದ್ದಂತೆ, ಯಾವ ಗಾಡಿದ್ದು ಕೇಳಿದ್ರೆ ಒಮ್ಮೆ ಡಾಟ್ಸನ್ ಅಂತಾರೆ, ಇನ್ನೊಮ್ಮೆ ಹೋಂಡಾ ಅಂತಾರೆ, ಮತ್ತೆ ಕೇಳಿದ್ರೆ ಊಟ ಆಯ್ತಾ ಅಂತ ಕೇಳ್ತಾರೆ.

ಎಂಟು ಕಡ್ಡಿಯ ಡಿಸೈನು, ದಪ್ಪ ದಪ್ಪ ಕಡ್ಡಿ, ಬೂದಿ ಬಣ್ಣ. ನಡುವಿನ ಮುಚ್ಚಳ ಒಂದರಲ್ಲೂ ಇಲ್ಲ. 13 ಇಂಚು. ವಿಚಿತ್ರ ಎಂತ ಅಂದ್ರೆ ಬೋಲ್ಟಿನ ತೂತು ಎಂಟುಂಟು, ನಾಲ್ಕು ಸ್ವಲ್ಪ ಒಳಗೆ, ನಾಲ್ಕು ಸ್ವಲ್ಪ ಹೊರಗೆ. ಇಲ್ಲಿಯ ಗ್ಯಾರೇಜಿನವ ಒಳಗಿನ ನಾಲ್ಕು ತೂತಲ್ಲಿ ಮುಂದಿನ ಎಡದ ಚಕ್ರಕ್ಕೆ ಒಂದು ಹಾಕಿ ನೋಡಿದ, ಕೂತಿತು, ಬೋಲ್ಟು ಸ್ವಲ್ಪ ಬಿಗಿಯಾಗಿ ಹೋಯ್ತು ಅಷ್ಟೆ. ಕುಂಬಳೆ ಕಡೆ ಹೋಗುವಾಗ 60 ದಾಟಿದ್ರೆ ಸ್ಟೇರಿಂಗ್ ನಡುಗ್ತದೆ. ಬ್ಯಾಲೆನ್ಸಿಂಗ್ ಮಾಡಿದ್ರೆ ಸರಿ ಹೋಗ್ತದೆ ಅಂತ ಅವ ಹೇಳ್ತಾನೆ. ಒಬ್ಬ ಫ್ರೆಂಡ್ ಇದು ಮಿನಿಲೈಟ್, ತುಂಬಾ ಬೆಲೆ ಉಂಟು, ಬಿಡ್ಬೇಡ ಅಂತಾನೆ. ಗೊತ್ತಿದ್ದವರು ಹೇಳಿ ಮಾರಾಯ್ರೆ, ಇದು ಎಂತ ವೀಲು, ನನ್ನ ಗಾಡಿಗೆ ಆಗ್ತದಾ ಇಲ್ವಾ.

ಉಪ್ಪಳ_ಗಾಲಿ

ಆಗ್ದೆ ಎಂತ, 118ಎನ್‌ಇದು ನಿಸ್ಸಾನ್ ಇಂಜಿನ್ ಅಲ್ವಾ. ಡಾಟ್ಸನ್ ಅಂದ್ರೂ ನಿಸ್ಸಾನೇ. ಮಾವ ಡಾಟ್ಸನ್ ಅಂತ ಹೇಳಿದ್ದು ಸರಿ ಇರ್ಬೇಕು, ಹಾಗಾಗಿಯೇ ಕೂತದ್ದು. ಬ್ಯಾಲೆನ್ಸ್ ಮಾಡಿಸಿ ಓಡ್ಸಿ. ಫೋಟೋ ಹಾಕಿ ಮಾತ್ರ, ಚಂದ ಕಾಣ್ಬಹುದು.

ಹೊಸೂರು_ಲೇತ್

ಸರ್, ಮೊದಲು ಆ ಚಕ್ರ ಬಿಚ್ಚಿ ಸ್ಟೀಲ್ ರಿಮ್ ಹಾಕ್ಕೊಳ್ಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ.

ಇಂಜಿನ್ ನಿಸ್ಸಾನ್ ಅನ್ನೋದಕ್ಕೂ ವೀಲ್ ಕೂರೋದಕ್ಕೂ ಸಂಬಂಧಾನೇ ಇಲ್ಲ. ಬಾನೆಟ್ ಒಳಗೆ ಇರೋದು ನಿಸ್ಸಾನ್ ಎ12, 1171 ಸಿಸಿ, ಸರಿ. ಆದ್ರೆ ಬಾಡಿ, ಹಬ್ಬು (ಚಕ್ರ ಬೋಲ್ಟ್ ಮಾಡೋ ನಡುವಿನ ಭಾಗ) ಎಲ್ಲಾ ಫಿಯಟ್ 124ದು. ಅದರ ಪಿಸಿಡಿ 98, ಅಂದ್ರೆ ನಾಲ್ಕೂ ಬೋಲ್ಟಿನ ಸೆಂಟರ್ ಮೇಲೆ ಹಾದುಹೋಗೋ ಹಾಗೆ ಒಂದು ವೃತ್ತ ಎಳೆದ್ರೆ ಅಡ್ಡಳತೆ 98 ಮಿಮೀ ಬರುತ್ತೆ. ಅದೇ ಎ12 ಹಾಕ್ಕೊಂಡು ಓಡ್ತಿದ್ದ ಡಾಟ್ಸನ್ ಸನ್ನಿದು 114.3. ಅದು ನಿಮ್ಮ ಹಬ್ಬಿಗೆ ಹತ್ರಾನೂ ಬರಲ್ಲ.

ಎಂಟು ತೂತು ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಯಾವ ಕಾರ್ ಕಂಪೆನೀನೂ ತನ್ನ ಗಾಡಿಗೆ ಎಂಟು ತೂತು ಕೊರೆದು ಕೊಡಲ್ಲ. ಅದು ಅಂಗಡೀಲಿ ಮಾರೋಕೆ ಮಾಡಿದ ವೀಲು, ಒಂದೇ ಅಚ್ಚು ಎರಡು ಥರದ ಗಾಡಿಗೆ ಹೋಗ್ಲಿ ಅಂತ ಎರಡು ಪಿಸಿಡಿ ಹಾಕಿರ್ತಾರೆ, ಸಾಮಾನ್ಯವಾಗಿ 100 ಮತ್ತು 114.3. ನಿಮ್ಮ ಮಾವನೋರು ಡಾಟ್ಸನ್ ಅಂದಿದ್ದೂ ಸುಳ್ಳಲ್ಲ, ಹೋಂಡಾ ಅಂದಿದ್ದೂ ಸುಳ್ಳಲ್ಲ ಇರಬಹುದು, ಎರಡಕ್ಕೂ ಕೂರುತ್ತೆ ಅದು.

ಅನುಮಾನ ಇದ್ರೆ ಅಳೆದು ನೋಡಿ. ವೀಲು ಮಗುಚಿ ಹಾಕಿ ಹಿಂದಿನಿಂದ ಅಳೀಬೇಕು, ಮುಂದೆ ಬೋಲ್ಟ್ ಕೂರೋ ಸೀಟು ಕೋನ್ ಥರ ಅಗಲ ಆಗಿರುತ್ತೆ, ಅಲ್ಲಿ ಅಳೆದ್ರೆ ಏನೇನೋ ಬರುತ್ತೆ. ಒಂದು ತೂತಿನ ಎಡ ಅಂಚಿಂದ ಅದರ ನೇರ ಎದುರಿನ ತೂತಿನ ಎಡ ಅಂಚಿಗೆ ವರ್ನಿಯರ್ (ಮಿಮೀ ಲೆಕ್ಕದಲ್ಲಿ ಅಳೆಯೋ ಸಾಧನ) ಹಿಡಿದ್ರೆ ಸೀದಾ ಪಿಸಿಡಿ ಸಿಗುತ್ತೆ, ಸೆಂಟರ್ ಹುಡುಕೋ ತಲೆನೋವಿಲ್ಲ. (ಐದು ಬೋಲ್ಟಿನ ಗಾಡಿ ಇರೋರು ಓದ್ತಿದ್ರೆ, ನಿಮಗೆ ನೇರ ಎದುರು ತೂತು ಇರಲ್ಲ, ಪಕ್ಕಪಕ್ಕದ ಎರಡು ತೂತಿನ ಸೆಂಟರ್ ಅಳತೆ ತಗೊಂಡು 1.701ರಿಂದ ಗುಣಿಸಿ.) ಹಂಗೇ ಹಿಂದೆ ಏನೇನು ಅಕ್ಷರ ಎರಕದಲ್ಲಿ ಬಂದಿದೆ ಎಲ್ಲಾ ಬರೆದು ಹಾಕಿ. ಸೋಪ್ ನೀರು ಹಾಕಿ ಬ್ರಷ್ಷಲ್ಲಿ ಉಜ್ಜಿ, ವೈರ್ ಬ್ರಷ್ ಬೇಡ.

ಇನ್ನೊಂದು. ಬಿಚ್ಚಿದಾಗ ಆ ನಾಲ್ಕು ಸೀಟು ಟಾರ್ಚ್ ಹಾಕಿ ನೋಡಿ, ಬೋಲ್ಟ್ ತಾಗಿರೋ ಗುರುತು ಸುತ್ತಲೂ ಇದೆಯಾ, ಒಂದೇ ಕಡೆ ಇದೆಯಾ ಅಂತ.

ಬದಿಯಡ್ಕ_118

ಬಿಚ್ಚಿದೆ. ವರ್ನಿಯರ್ ನೆಂಟರ ಲೇತಿಂದ ತಂದದ್ದು. ಸ್ಟೀಲ್ ರಿಮ್ಮಿದ್ದು ಸರಿಯಾಗಿ 98. ಅಲಾಯ್‌ದು ಒಳಗಿನ ನಾಲ್ಕು 100, ಹೊರಗಿನದ್ದು 114 ಚಿಲ್ಲರೆ. ನೀವು ನೋಡದೇ ಹೇಳಿದ್ದು ಹಾಗೇ ಬಂತು.

ಸೀಟಲ್ಲಿ ಗುರುತು ಸುತ್ತ ಇಲ್ಲ, ನಾಲ್ಕರಲ್ಲೂ ಅರ್ಧಚಂದ್ರದ ಹಾಗೆ ಒಂದೇ ಬದಿ ಪಳಪಳ ಹೊಳೀತಾ ಉಂಟು, ಇನ್ನೊಂದು ಬದಿಯಲ್ಲಿ ಹಳೇ ಪೈಂಟ್ ಹಾಗೇ ಉಂಟು. ಹಿಂದೆ 13×5ಜೆ ಅಂತ ಉಂಟು, ಜೆಡಬ್ಲ್ಯುಎಲ್ ಅಂತ ಒಂದು ಗುರುತು, ಒಂದು ರೌಂಡಿನೊಳಗೆ ಚಿಕ್ಕ ಚಿಕ್ಕ ಚುಕ್ಕೆ ಮತ್ತೆ 84. ಕಂಪೆನಿ ಹೆಸರು ಎಲ್ಲಿಯೂ ಇಲ್ಲ. ನಡುವಿನ ದೊಡ್ಡ ತೂತು 73 ಮಿಮೀ.

ಬರೇ 2 ಮಿಮೀ ಅಲ್ವಾ ವ್ಯತ್ಯಾಸ, ಅಷ್ಟಕ್ಕೆ ಅಷ್ಟು ಅಪಾಯ ಉಂಟಾ?

ಹೊಸೂರು_ಲೇತ್

ಅಪಾಯ ಇರೋದೇ ಆ 2 ಮಿಮೀಲಿ. 114 ಆಗಿದ್ರೆ ಕೂರ್ತಾನೇ ಇರ್ಲಿಲ್ಲ, ನೀವೂ ಬಿಟ್ಟುಬಿಡ್ತಿದ್ರಿ. ಇದು ಕೂತ ಹಾಗೆ ನಾಟಕ ಆಡುತ್ತೆ.

ನೋಡಿ, 98 ಮತ್ತು 100 ಅಂದ್ರೆ ಪ್ರತಿ ಬೋಲ್ಟೂ ತನ್ನ ಸೀಟಿನ ಸೆಂಟರಿಂದ 1 ಮಿಮೀ ಒಳಗೆ ಸರಿದಿರುತ್ತೆ. ಬೋಲ್ಟಿನ ಕೋನು ಸೀಟಿಗೆ ಒಂದೇ ಪಕ್ಕ ಒರಗುತ್ತೆ, ಅದೇ ನೀವು ನೋಡಿದ ಅರ್ಧಚಂದ್ರ. ಪಾನಾ ಹಾಕಿ ಎಳೆದಾಗ ಗಟ್ಟಿ ಆಯ್ತು ಅನಿಸುತ್ತೆ, ಆದ್ರೆ ಆ ಬಿಗಿ ಅರ್ಧ ಬೋಲ್ಟು ಬಗ್ಗಿಸೋಕೇ ಹೋಗಿರುತ್ತೆ, ವೀಲನ್ನ ಹಬ್ಬಿಗೆ ಒತ್ತಿ ಹಿಡಿಯೋಕೆ ಉಳಿಯೋದು ಕಮ್ಮಿ. ಓಡ್ತಾ ಓಡ್ತಾ ಅಲ್ಯೂಮಿನಿಯಂ ಸೀಟು ಸವೆಯುತ್ತೆ, ಬೋಲ್ಟು ಸಡಿಲ ಆಗುತ್ತೆ, ಇಲ್ಲಾ ಕುತ್ತಿಗೇಲಿ ಕಟ್ ಆಗುತ್ತೆ.

ಮೇಲಿಂದ ನಿಮ್ಮದು ನಡುವಿನ ತೂತು 73. ಫಿಯಟ್ ಹಬ್ಬಿನ ಮೂತಿ, ಅಂದ್ರೆ ನಡುವೆ ಮುಂದಕ್ಕೆ ಚಾಚಿರೋ ಭಾಗ, 58ರ ಆಸುಪಾಸು. ಸ್ಟೀಲ್ ರಿಮ್ಮು ಆ ಮೂತಿ ಮೇಲೆ ಕೂತು ತಾನೇ ಸೆಂಟರ್ ಆಗುತ್ತೆ. ಈ ವೀಲಿಗೆ ಅಲ್ಲಿ ಆಸರೆ ಇಲ್ಲ, ಬೋಲ್ಟೇ ಸೆಂಟರ್ ಮಾಡಬೇಕು, ಬೋಲ್ಟಿಗೇ ತನ್ನ ಜಾಗ ಸಿಕ್ಕಿಲ್ಲ. 60ರಲ್ಲಿ ನಡುಗೋದು ಅದಕ್ಕೇ, ಬ್ಯಾಲೆನ್ಸಿಂಗ್ ಮೆಶಿನ್ನಿಗೆ ಇದು ಗೊತ್ತಾಗಲ್ಲ, ಅಲ್ಲಿ ವೀಲನ್ನ ನಡುವಿನ ತೂತಲ್ಲಿ ಕೋನ್ ಹಾಕಿ ಹಿಡೀತಾರೆ, ಮೆಶಿನ್ ಮೇಲೆ ಸೊನ್ನೆ ತೋರಿಸುತ್ತೆ, ಗಾಡೀಲಿ ಮತ್ತೆ ಅದೇ ನಡುಕ.

ಗುರುತಿನ ವಿಷಯ: ಜೆಡಬ್ಲ್ಯುಎಲ್ ಅನ್ನೋದು ಜಪಾನಿನ ಅಲಾಯ್ ವೀಲ್ ಮಾನದಂಡದ ಗುರುತು, ಅದು ಕಂಪೆನಿ ಹೆಸರಲ್ಲ. ರೌಂಡಿನೊಳಗಿನ 84 ಎರಕ ಹೊಯ್ದ ವರ್ಷ ಇರಬೇಕು, ಚುಕ್ಕೆಗಳು ತಿಂಗಳು. ಜರ್ಮನಿ ಮಾರ್ಕೆಟ್ಟಿನ ವೀಲ್ ಆಗಿದ್ರೆ ಕೆಬಿಎ ಅಂತ ಐದು ಅಂಕಿ ನಂಬರ್ ಇರ್ತಿತ್ತು, ಅದನ್ನ ಹಿಡಿದು ಯಾವ ಕಂಪೆನಿ ಅಂತ ಕಂಡುಹಿಡೀಬಹುದಿತ್ತು. ನಿಮ್ಮದಕ್ಕೆ ಆ ದಾರಿ ಇಲ್ಲ. 80ರ ದಶಕದ ಜಪಾನ್ ವೀಲು, ಯಾವ ಗಾಡಿಗೂ ಸೇರಿದ್ದಲ್ಲ, ಅಷ್ಟು ಹೇಳಬಹುದು.

ಹಳೇಫಿಯಟ್_ಕುಂಬಳೆ

ಹೊಸೂರಿನವರು ಹೇಳಿದ್ದು ಪೂರಾ ಸರಿ. ಮಿನಿಲೈಟ್ ಮಾತ್ರ ಅಲ್ಲವೇ ಅಲ್ಲ. ಒರಿಜಿನಲ್ ಮಿನಿಲೈಟ್ 60ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಿನಿ ಕಾರಿಗೆ ಅಂತ ಮಾಡಿದ್ದು, ಮೆಗ್ನೀಸಿಯಂದು, ಮಿನಿಯ ಪಿಸಿಡಿ 101.6, ಚಕ್ರ 10 ಇಂಚು. ಆ ಎಂಟು ಕಡ್ಡಿಯ ಚಂದ ನೋಡಿ ಆಮೇಲೆ ಜಪಾನಿನಲ್ಲಿ, ಯುರೋಪಿನಲ್ಲಿ ಎಷ್ಟೋ ಜನ ಅದೇ ರೂಪದಲ್ಲಿ ಮಾಡಿದ್ರು. ಕಡ್ಡಿ ಎಣಿಸಿ ವೀಲು ಗುರುತು ಹಿಡೀಲಿಕ್ಕೆ ಆಗುದಿಲ್ಲ. ಮೆಗ್ನೀಸಿಯಮ್ಮಾ ಅಂತ ನೋಡ್ಬೇಕಾದ್ರೆ ಹಿಂದೆ ಕಾಣದ ಜಾಗದಲ್ಲಿ ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ, ಮೆಗ್ನೀಸಿಯಂ ಆದ್ರೆ ಕೂಡ್ಲೇ ನೊರೆ ಬರ್ತದೆ, ಅಲ್ಯೂಮಿನಿಯಂ ಸುಮ್ನೆ ಇರ್ತದೆ. ನೊರೆ ಬಂದ್ರೆ ಗ್ರೈಂಡರ್ ಹತ್ರ ತೆಗೊಂಡು ಹೋಗ್ಬೇಡಿ, ಆ ಪುಡಿ ಹತ್ತಿಕೊಂಡ್ರೆ ನೀರು ಹಾಕಿ ಆರಿಸ್ಲಿಕ್ಕಿಲ್ಲ.

118ಎನ್‌ಇಗೆ ಅಲಾಯ್ ಬೇಕೇ ಬೇಕಾದ್ರೆ ಫಿಯಟ್ ಮನೆಯದ್ದೇ ಹುಡುಕಿ. ಊನೋ, ಸಿಯೆನಾ, ಪಾಲಿಯೋ ಎಲ್ಲದರದ್ದೂ 4×98, ಅಂದ್ರೆ ನಾಲ್ಕು ಬೋಲ್ಟು, ಪಿಸಿಡಿ 98. ಬೋಲ್ಟಿನ ಮರೆ ಕೂಡ ಅದೇ, 12×1.25 (12 ಮಿಮೀ ದಪ್ಪ, ಮರೆಯ ಅಂತರ 1.25). ಒಂದು ನೋಡಿಕೊಳ್ಬೇಕು, ಅವೆಲ್ಲ ಫ್ರಂಟ್ ವೀಲ್ ಡ್ರೈವ್, ಆಫ್‌ಸೆಟ್ (ವೀಲಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕೆ ಇರುವ ದೂರ) ಜಾಸ್ತಿ, ವೀಲು ಒಳಗೆ ಸರೀತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳಗೆ ಎಲ್ಲಿಯಾದ್ರೂ ತಾಗ್ತದಾ ನೋಡದೆ ಓಡ್ಸಬಾರ್ದು. ಸ್ಟೀಲ್ ರಿಮ್ಮಿನ ಗಿಡ್ಡ ಬೋಲ್ಟ್ ಅಲಾಯಿಗೆ ಸಾಕಾಗುದಿಲ್ಲ, ಅಲಾಯಿಗೆ ದಪ್ಪ ಜಾಸ್ತಿ, ಉದ್ದದ್ದು ಬೇಕು. ಎಷ್ಟು ಸುತ್ತು ಒಳಗೆ ಹೋಗ್ತದೆ ಎಣಿಸಿ, ಸ್ಟೀಲ್ ರಿಮ್ಮಿಗೆ ಹೋದಷ್ಟಾದ್ರೂ ಹೋಗ್ಬೇಕು.

ಮತ್ತೆ ನಮ್ಮ ಕಡೆ ಆರ್‌ಟಿಓ ಕಥೆ ಗೊತ್ತುಂಟಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಕೇಸಲ್ಲಿ ಕಂಪೆನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸ್ಲಿಕ್ಕಿಲ್ಲ ಅಂತ ಹೇಳಿದೆ. ರೀ-ರಿಜಿಸ್ಟ್ರೇಶನ್ನಿಗೆ ಹೋಗುವಾಗ ಸ್ಟೀಲ್ ರಿಮ್ ಹಾಕಿಯೇ ಹೋಗಿ. ವಿಂಟೇಜ್ ಅಂತ ಮಾಡಿಸ್ತೇನೆ ಅಂದ್ರೆ 2021ರ ರೂಲ್ ಪ್ರಕಾರ 50 ವರ್ಷ ಆಗಿರ್ಬೇಕು, ನಿಮ್ಮ ಗಾಡಿ ಇನ್ನೂ ಮಗು.

ಬದಿಯಡ್ಕ_118

ವಿನೆಗರ್ ಹಾಕಿದೆ, ಎಂತ ಆಗ್ಲಿಲ್ಲ. ಅಲ್ಯೂಮಿನಿಯಮ್ಮೇ. 98ರಿಂದ 100ಕ್ಕೆ ಅಡಾಪ್ಟರ್ ಸಿಗ್ತದೆ ಅಂತ ಗ್ಯಾರೇಜಿನವ ಈಗ ಹೊಸ ರಾಗ ತೆಗ್ದಿದ್ದಾನೆ, ಇಲ್ಲದಿದ್ರೆ ಹಳೇ ತೂತು ವೆಲ್ಡ್ ಮಾಡಿ ಮುಚ್ಚಿ 98ಕ್ಕೆ ಹೊಸತು ಕೊರೆಯುವ ಅಂತಾನೆ.

ಹೊಸೂರು_ಲೇತ್

ವೆಲ್ಡಿಂಗ್ ಮಾತೇ ಬೇಡ, ನಾನು ಲೇತ್ ಇಟ್ಕೊಂಡೇ ಹೇಳ್ತಿದೀನಿ. ಬಿಸಿ ತಾಗಿದ ಜಾಗದಲ್ಲಿ ಅಲಾಯ್ ಮೆತ್ತಗಾಗುತ್ತೆ, ಅದೂ ಬೋಲ್ಟ್ ಹಿಡಿಯೋ ಜಾಗದಲ್ಲೇ. ಅಡಾಪ್ಟರ್ ಅಂದ್ರೆ ಮಧ್ಯೆ ಒಂದು ದಪ್ಪ ಬಿಲ್ಲೆ, ವೀಲು ಅಷ್ಟೂ ಹೊರಗೆ ಬರುತ್ತೆ, ಬೇರಿಂಗಿಗೆ ಭಾರ, ಮಡ್‌ಗಾರ್ಡಿಗೆ ಉಜ್ಜುತ್ತೆ, ಕುಂಬಳೆಯವರು ಹೇಳಿದ ಆರ್‌ಟಿಓಗೆ ದೂರದಿಂದಲೇ ಕಾಣುತ್ತೆ. ವಾಬಲ್ ಬೋಲ್ಟ್ ಅಂತ ಬರುತ್ತೆ, ಕೋನು ಬೇರೆ ರಿಂಗಾಗಿ ಅಲ್ಲಾಡೋ ಥರ, 2 ಮಿಮೀ ವ್ಯತ್ಯಾಸಕ್ಕೇ ಅಂತ ಮಾಡಿರೋದು. ಒಳ್ಳೇ ಕ್ವಾಲಿಟಿ ಸಿಕ್ಕಿ, 73ರಿಂದ ಹಬ್ಬಿನ ಅಳತೆಗೆ ರಿಂಗ್ ತಿರುವಿಸಿ ಹಾಕಿದ್ರೆ ಕೆಲಸ ನಡೆಯುತ್ತೆ, ನಡೆಸೋರೂ ಇದ್ದಾರೆ. ನಲವತ್ತು ವರ್ಷದ ಎರಕ, ಮನೆಯವರನ್ನ ಕೂರಿಸ್ಕೊಂಡು ಹೈವೇಲಿ ಹೋಗೋ ಗಾಡಿ, ನಾನಾದ್ರೆ ಹಾಕಲ್ಲ.

ಉಪ್ಪಳ_ಗಾಲಿ

ಹಾಗಾದ್ರೆ ಅಣ್ಣ, ಕೊಡ್ಲಿಕ್ಕೆ ಉಂಟಾ? ನನ್ನ ಹತ್ರ 99ರ ಹೋಂಡಾ ಸಿಟಿ ಉಂಟು, 13 ಇಂಚು, ಅದರದ್ದು 4×100 ಅಲ್ವಾ.

ಹೊಸೂರು_ಲೇತ್

ಹೌದು, 4×100. ಆದ್ರೆ ಅದಕ್ಕೆ ಬೋಲ್ಟಲ್ಲ, ನಟ್ಟು, 12×1.5, ಸೀಟಿನ ಆಕಾರ ನೋಡಿ ಅದಕ್ಕೆ ಸರಿಯಾದ್ದು ತಗೊಳ್ಳಿ. ಹೋಂಡಾ ಮೂತಿ 56.1, ರಿಂಗ್ ಬೇಕೇ ಬೇಕು. ಅದಕ್ಕೂ ಮುಂಚೆ ನಾಲ್ಕನ್ನೂ ಡಿಪಿ ಟೆಸ್ಟ್ ಮಾಡಿಸಿ, ಮಂಗಳೂರಲ್ಲಿ ಮಾಡೋರು ಸಿಗ್ತಾರೆ, ಕೆಂಪು ಬಣ್ಣ ಹೊಡೆದು ಒರೆಸಿ ಮೇಲೆ ಬಿಳಿ ಹೊಡೆದ್ರೆ ಬಿರುಕಿರೋ ಕಡೆ ಕೆಂಪು ಗೆರೆ ಎದ್ದು ಬರುತ್ತೆ. ಕಡ್ಡಿಯ ಬುಡ, ಬೋಲ್ಟ್ ತೂತಿನ ಸುತ್ತ ಮುಖ್ಯ. ಆ ಮುಂದಿನ ಎಡಕ್ಕೆ ಹಾಕಿದ್ದ ವೀಲಿನ ಸೀಟು ಎಷ್ಟು ಸವೆದಿದೆ ಅದನ್ನೂ ನೋಡಿ ರೇಟು ಮಾತಾಡಿ.

ಬದಿಯಡ್ಕ_118

ಮಾವನ ಹತ್ರ ಕೇಳಿ ಹೇಳ್ತೇನೆ ಉಪ್ಪಳದವ್ರೆ. ಟೆಸ್ಟಿನ ಖರ್ಚು ನಿಮ್ದು ಮಾತ್ರ.