ಹರ್ಲಿಂಗ್ ಹೊಡೆತ: ಯಾವ ಕೈ ಮೇಲೆ, ಚೆಂಡು ಎಷ್ಟು ಎತ್ತರ?

ಕೋಡಿಬಾಗದವ

ನಮಸ್ಕಾರ. ಐರ್ಲೆಂಡಿನ ಹರ್ಲಿಂಗ್ ಆಟ ಗೊತ್ತಿದ್ದವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ. ಕೈಯಲ್ಲಿರುವುದು 36 ಇಂಚಿನ ಆ್ಯಶ್ ಮರದ ಹರ್ಲಿ (ಚೆಂಡು ಹೊಡೆಯುವ ಕೋಲು) ಒಂದು, ಶ್ಲಿಟರ್ (ಈ ಆಟದ ಚರ್ಮದ ಚೆಂಡು) ಎರಡು. ಎತ್ತರ 5 ಅಡಿ 5 ಇಂಚು, ಬಲಗೈಯವ, ಇಷ್ಟು ದಿನ ಆಡಿದ್ದು ಕ್ರಿಕೆಟ್ ಮಾತ್ರ. ಅಭ್ಯಾಸ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ಮರಳಿನ ಮೇಲೆ.

ತೊಂದರೆ ಹೀಗಿದೆ. ಕೈಯಿಂದ ಚೆಂಡು ಹಾರಿಸಿ ಹೊಡೆದರೆ ಹತ್ತರಲ್ಲಿ ನಾಲ್ಕು ಸಲ ಗಾಳಿಗೆ. ತಾಗಿದರೂ ಚೆಂಡು ತೆಂಗಿನ ಮರದೆತ್ತರ ಹೋಗಿ ಇಪ್ಪತ್ತು ಹೆಜ್ಜೆಯಲ್ಲಿ ಬೀಳುತ್ತದೆ. ನೆಲದ ಮೇಲಿನ ಚೆಂಡಿಗೆ ಹೊಡೆದರೆ ಮಣಿಕಟ್ಟು ಝುಂ ಅನ್ನುತ್ತದೆ. ಹಿಡಿಯುವುದು ಬ್ಯಾಟ್ ಹಿಡಿದ ಹಾಗೇ, ಎಡಗೈ ಮೇಲೆ, ಬಲಗೈ ಕೆಳಗೆ. ವಿಡಿಯೊಗಳಲ್ಲಿ ಹೆಚ್ಚಿನವರು ಇದಕ್ಕೆ ಉಲ್ಟಾ ಹಿಡಿಯುತ್ತಾರೆ. ಯಾವುದು ಸರಿ? ಎಲ್ಲಿಂದ ಶುರು ಮಾಡಬೇಕು?

ಘಟ್ಟದ ಮೇಲಿನವ, ಶಿರಸಿ

ತಮ್ಮಾ, ಮೊದಲು ಕೈ ಬದಲಿಸು. ಉಳಿದದ್ದೆಲ್ಲ ಆಮೇಲೆ.

ಹರ್ಲಿಂಗ್‌ನಲ್ಲಿ ಬಲವಿರುವ ಕೈ ಹಿಡಿಕೆಯ ತುದಿಯಲ್ಲಿ, ಮೇಲೆ. ನಿನಗೆ ಅದು ಬಲಗೈ. ಕಾರಣ ಸರಳ: ಆಟದ ಬಹುಪಾಲು ಹೊತ್ತು ಹರ್ಲಿ ಒಂದೇ ಕೈಯಲ್ಲಿರುತ್ತದೆ. ಓಡುವಾಗ, ಚೆಂಡನ್ನು ಬಾಸ್ (ಹರ್ಲಿಯ ಕೆಳತುದಿಯ ಅಗಲ ಭಾಗ) ಮೇಲೆ ಕೂರಿಸಿಕೊಂಡು ಹೋಗುವಾಗ, ಎದುರಾಳಿಯ ಬೀಸಿಗೆ ಅಡ್ಡ ಹಿಡಿಯುವಾಗ, ನೆಲದಿಂದ ಚೆಂಡು ಎತ್ತುವಾಗ ಕೆಲಸ ಮಾಡುವುದು ಮೇಲಿನ ಕೈಯ ಮಣಿಕಟ್ಟು. ಇನ್ನೊಂದು ಕೈ ಚೆಂಡು ಹಿಡಿಯಲು, ಹಾರಿಸಲು ಖಾಲಿ ಇರಬೇಕು. ಎಡಗೈ ಮೇಲಿಟ್ಟು ಚೆನ್ನಾಗಿ ಆಡುವವರೂ ಇದ್ದಾರೆ, ಆದರೆ ಈಗಷ್ಟೇ ಕಲಿಯುವವರು ಆ ದಾರಿ ಹಿಡಿದರೆ ಮುಂದೆ ಪ್ರತಿಯೊಂದು ಕೌಶಲಕ್ಕೂ ಎರಡೆರಡು ಸಲ ಕಲಿಯುವ ಕೆಲಸ.

ಕ್ರಿಕೆಟ್ ಆಡಿದವರಿಗೆ ಒಂದು ಸುಲಭದ ದಾರಿ ಇದೆ. ಎಡಗೈ ಬ್ಯಾಟ್ಸ್‌ಮನ್ ಹಿಡಿಯುವುದು ಹೀಗೇ ಅಲ್ಲವಾ, ಬಲಗೈ ಮೇಲೆ, ಎಡಗೈ ಕೆಳಗೆ? ಹಾಗಾಗಿ ಮೊದಲ ವಾರ ಎಡಗೈ ಬ್ಯಾಟ್ಸ್‌ಮನ್ ತರಹ ಬಲ ಭುಜ ಗುರಿಯ ಕಡೆ ಮಾಡಿ ನಿಂತು ಎಡ ಬದಿಯ ಹೊಡೆತ ಹೊಡೆ. ಕೈಗಳು ಸಹಜವಾಗಿ ಕೂರುತ್ತವೆ. ಅದು ಪಳಗಿದ ಮೇಲೆ ಬಲ ಬದಿ. ಅಲ್ಲಿ ತೋಳುಗಳು ಕತ್ತರಿ ಬಿದ್ದ ಹಾಗೆ ಅನಿಸುತ್ತದೆ. ಹೆದರಿ ಕೈ ಬದಲಿಸಬೇಡ, ಅದು ಹಾಗೇ ಇರುವುದು. ಹೇಗೂ ಎರಡೂ ಬದಿ ಬೇಕು. ಒಂದೇ ಬದಿಯಿಂದ ಹೊಡೆಯುವವನನ್ನು ಪಂದ್ಯದಲ್ಲಿ ಆ ಬದಿಗೆ ನಿಂತೇ ಕಟ್ಟಿಹಾಕುತ್ತಾರೆ.

ಈಗ ಬಲ ಬದಿಯ ಹೊಡೆತವನ್ನು ಬಿಡಿಸಿ ಹೇಳುತ್ತೇನೆ. ಎಡ ಭುಜ ಗುರಿಯ ಕಡೆಗೆ, ಪಾದಗಳ ನಡುವೆ ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಸಡಿಲ. ಹರ್ಲಿ ಬಲಗೈಯಲ್ಲಿ, ಚೆಂಡು ಎಡ ಅಂಗೈ ಮೇಲೆ ಸೊಂಟದ ಮಟ್ಟದಲ್ಲಿ. ಚೆಂಡನ್ನು ಭುಜದ ಎತ್ತರಕ್ಕೆ ಮಾತ್ರ ಹಾರಿಸು, ಮೈಯಿಂದ ಒಂದು ತೋಳಿನಷ್ಟು ದೂರ. ಚೆಂಡು ಕೈ ಬಿಟ್ಟ ಕ್ಷಣವೇ ಬಲಗೈ ಹರ್ಲಿಯನ್ನು ಹಿಂದಕ್ಕೆ, ಬಾಸ್ ಮೇಲ್ಮುಖವಾಗಿ ಎತ್ತಬೇಕು. ಎಡಗೈ ಬಂದು ಬಲಗೈಗೆ ತಾಗಿ ಕೂರಬೇಕು. ಕೈಗಳ ನಡುವೆ ಬೆರಳಷ್ಟೂ ಸಂದು ಬೇಡ. ಹಾಕಿಯಲ್ಲಿ, ಕ್ರಿಕೆಟ್‌ನಲ್ಲಿ ಕೆಳಗಿನ ಕೈ ಇಳಿದಿದ್ದರೆ ನಡೆಯುತ್ತದೆ, ಇಲ್ಲಿ ಸಂದು ಬಿಟ್ಟರೆ ಮಣಿಕಟ್ಟು ತಿರುಗುವುದೇ ಇಲ್ಲ, ಬೀಸು ನೂಕುವಿಕೆ ಆಗಿಬಿಡುತ್ತದೆ. ಆಮೇಲೆ ಎಡಗಾಲು ಒಂದು ಸಣ್ಣ ಹೆಜ್ಜೆ ಮುಂದೆ, ಮೈಭಾರ ಅದರ ಮೇಲೆ, ಬೀಸು ಕೆಳಗಿಳಿದು ಮುಂದಕ್ಕೆ. ಚೆಂಡು ಮೊಣಕಾಲಿಗೂ ಸೊಂಟಕ್ಕೂ ನಡುವೆ ಇಳಿದಾಗ, ಮುಂದಿನ ಪಾದದ ನೇರದಲ್ಲಿ ತಾಗಬೇಕು. ತಾಗಿದ ಮೇಲೆ ಹರ್ಲಿ ನಿಲ್ಲಬಾರದು, ಎದುರು ಭುಜದ ಮೇಲೆ ಹೋಗಿ ಮುಗಿಯಲಿ.

ನಿನ್ನ ಚೆಂಡು ಆಕಾಶಕ್ಕೆ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಇದು: ತಲೆಗಿಂತ ಮೇಲೆ ಹಾರಿಸುತ್ತೀಯ, ಅದು ಮುಂದಕ್ಕೆ ಹೋಗಿ ಬೀಳುತ್ತದೆ. ಮುಂದಿನ ಪಾದ ದಾಟಿದ ಚೆಂಡಿಗೆ ಬಾಸ್ ಮುಟ್ಟುವಷ್ಟರಲ್ಲಿ ಹರ್ಲಿ ಆಗಲೇ ಮೇಲೇಳುತ್ತಿರುತ್ತದೆ, ಚೆಂಡಿನ ಅಡಿಗೆ ಸೌಟು ಹಾಕಿದ ಹಾಗೆ. ಚೆಂಡನ್ನು ಗೋಲಿನ ಅಡ್ಡಪಟ್ಟಿಯ ಮೇಲಿಂದ ಕಳಿಸಿ ಪಾಯಿಂಟ್ ಗಳಿಸಬೇಕೆಂದರೂ ಅಷ್ಟು ಎತ್ತರ ಬೇಕಿಲ್ಲ, ಆ ಪಟ್ಟಿ ಇರುವುದೇ 2.5 ಮೀಟರ್ ಮೇಲೆ.

ಗಾಳಿಗೆ ಹೊಡೆಯುವುದಕ್ಕೆ ಕಾರಣ ಬೇರೆ. ಕಣ್ಣು ಗುರಿಯ ಕಡೆ ಮೊದಲೇ ಓಡುತ್ತದೆ, ಮತ್ತೆ ಹರ್ಲಿ ನಿನಗೆ ಉದ್ದ. ನೇರ ನಿಂತು ಹರ್ಲಿಯನ್ನು ಕಾಲಿನ ಪಕ್ಕ ನೆಲಕ್ಕೆ ಊರಿದರೆ ತುದಿ ಸೊಂಟದ ಕೀಲಿನ ಮೂಳೆಗೆ ಬರಬೇಕು. ನಿನ್ನ ಎತ್ತರಕ್ಕೆ 33 ಅಥವಾ 34 ಸಾಕು. ಬೇರೆ ಸಿಗದಿದ್ದರೆ ಹಿಡಿಕೆಯ ತುದಿಯಿಂದ 2 ಇಂಚು ಕೊಯ್ದು, ಅಂಚು ಉಜ್ಜಿ, ಕೈ ಜಾರದಂತೆ ತುದಿಯಲ್ಲಿ ಟೇಪನ್ನು ಗುಬುಟಾಗಿ ಸುತ್ತು. ಬಾಸ್ ಸ್ವಲ್ಪ ಭಾರ ಅನಿಸುತ್ತದೆ, ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ.

ಕಾಳಿ ತೀರ

ಮೇಲಿನವರು ಹೇಳಿದ್ದು ಸರಿಯೇ. ಮರಳಿನ ಬಗ್ಗೆ ನಾನು ಹೇಳುತ್ತೇನೆ.

ನೆಲದ ಹೊಡೆತಕ್ಕೆ ಕಡಲತೀರ ಸರಿಯಲ್ಲ ಮಾರಾಯ್ರೆ. ಒದ್ದೆ ಮರಳು ಗಟ್ಟಿ ಕಂಡರೂ ಚೆಂಡು ಅರ್ಧ ಇಂಚಾದರೂ ಕೂರುತ್ತದೆ. ಅದರ ಬುಡಕ್ಕೆ ಬೀಸಿದರೆ ಬಾಸ್‌ನ ತುದಿ ಮರಳಿಗೆ ಹೊಕ್ಕು ಅಲ್ಲೇ ನಿಲ್ಲುತ್ತದೆ, ಬೀಸಿನ ವೇಗವೆಲ್ಲ ಮಣಿಕಟ್ಟಿಗೆ ಬರುತ್ತದೆ. ಝುಂ ಅನ್ನುವುದು ಅದೇ. ಚೆಂಡು ಎತ್ತುವುದಕ್ಕಂತೂ ಮರಳು ಕೆಟ್ಟ ಗುರು. ತುದಿ ಸಲೀಸಾಗಿ ಚೆಂಡಿನಡಿ ಹೋಗುತ್ತದೆ, ನಾಳೆ ಗಟ್ಟಿ ಕೆಂಪು ಮಣ್ಣಿನ ಮೈದಾನದಲ್ಲಿ ಅದೇ ಕೋನದಲ್ಲಿ ಚುಚ್ಚಿದರೆ ಹರ್ಲಿ ಎಗರುತ್ತದೆ. ಗಿಡ್ಡ ಹುಲ್ಲಿರುವ ಜಾಗ ಹುಡುಕಿ.

ಅಭ್ಯಾಸಕ್ಕೆ ಗೋಡೆಯಷ್ಟು ಒಳ್ಳೆಯದು ಬೇರೆ ಇಲ್ಲ. ಪ್ಲಾಸ್ಟರ್ ಆದ, ಕಿಟಕಿ ಇಲ್ಲದ ಗೋಡೆ ಇರಲಿ. ಹಸಿ ಚಿರೇಕಲ್ಲಿನ ಗೋಡೆಗೆ ಶ್ಲಿಟರ್ ಹೊಡೆದರೆ ಹೊಲಿಗೆಯ ಏಣು ಒಂದೇ ವಾರದಲ್ಲಿ ಸವೆಯುತ್ತದೆ. 5 ಮೀಟರ್ ದೂರದಿಂದ ಟೆನಿಸ್ ಚೆಂಡಿನಲ್ಲಿ ಶುರು ಮಾಡಿ. ಅದು 57 ಗ್ರಾಂ ಆಸುಪಾಸು, ಶ್ಲಿಟರ್ 110ರಿಂದ 120 ಗ್ರಾಂ. ಹಗುರ ಚೆಂಡು ತಪ್ಪನ್ನು ಬೇಗ ತೋರಿಸುತ್ತದೆ, ಬಾಸ್ ಸ್ವಲ್ಪ ಓರೆಯಾದರೂ ಅಡ್ಡಕ್ಕೆ ಓಡುತ್ತದೆ. ಗೋಡೆಯ ಮೇಲೆ ಎದೆಯ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಬಲ ಬದಿ 20, ಎಡ ಬದಿ 20. ಎರಡೂ ಬದಿಯಲ್ಲಿ 15 ಚೌಕದೊಳಗೆ ಬಿದ್ದ ಮೇಲೆ ಶ್ಲಿಟರ್ ತೆಗೆದುಕೊಂಡು 10 ಮೀಟರ್‌ಗೆ ಸರಿಯಿರಿ.

ಹೆಲ್ಮೆಟ್ ಬಿಡಬೇಡಿ. ಒಬ್ಬರೇ ಗೋಡೆಗೆ ಹೊಡೆಯಲು ಕ್ರಿಕೆಟ್ ಹೆಲ್ಮೆಟ್ ಅಡ್ಡಿಲ್ಲ. ಇಬ್ಬರು ಸೇರಿ ಬೀಸುವುದಾದರೆ ಹರ್ಲಿಂಗಿನದ್ದೇ ಬೇಕು, ಕ್ರಿಕೆಟ್ ಹೆಲ್ಮೆಟ್‌ನ ಜಾಲರಿ ಸಂದಿಗೆ ಹರ್ಲಿಯ ಮೂತಿ ಹೊಗಬಹುದು. ಐರ್ಲೆಂಡಿನಲ್ಲೇ 2010ರಿಂದ ಎಲ್ಲ ವಯಸ್ಸಿನವರಿಗೂ ಮುಖಜಾಲರಿಯ ಹೆಲ್ಮೆಟ್ ಕಡ್ಡಾಯ.

ಕೋಡಿಬಾಗದವ

ಇಬ್ಬರಿಗೂ ಧನ್ಯವಾದ. ಹತ್ತು ದಿನ ಬಲಗೈ ಮೇಲಿಟ್ಟು ಗೋಡೆಗೆ ಹೊಡೆದ ಮೇಲಿನ ಲೆಕ್ಕ: ಎಡ ಬದಿ 20ರಲ್ಲಿ 16, ಬಲ ಬದಿ 20ರಲ್ಲಿ 9. ಚೆಂಡು ಈಗ ಮೇಲೆ ಹೋಗುವುದಿಲ್ಲ. ಆದರೆ ಬಲ ಬದಿಯಿಂದ ಹೊಡೆದದ್ದೆಲ್ಲ ಚೌಕದ ಎಡಕ್ಕೇ ಬೀಳುತ್ತದೆ. ಇನ್ನೊಂದು, ಗೆಳೆಯನಿಗಾಗಿ ಇಲ್ಲಿಯ ಬಡಗಿಯ ಹತ್ತಿರ ಒಂದು ಹರ್ಲಿ ಮಾಡಿಸಬಹುದಾ? ಸಾಗವಾನಿ ಹಲಗೆ ಇದೆ.

ಘಟ್ಟದ ಮೇಲಿನವ, ಶಿರಸಿ

ಎಡಕ್ಕೆ ಎಳೆಯುವುದಕ್ಕೆ ಎರಡು ಜಾಗ ನೋಡು ಅಣ್ಣಾ. ಒಂದು, ತಾಗುವ ಮುಂಚೆಯೇ ಎದೆ ಗೋಡೆಯ ಕಡೆ ತಿರುಗಿಬಿಡುತ್ತದೆ. ಎರಡು, ಎಡಗಾಲಿನ ಹೆಜ್ಜೆ ಗುರಿಯ ಕಡೆ ಬೀಳದೆ ಎಡಕ್ಕೆ ಬೀಳುತ್ತದೆ. ಪರೀಕ್ಷೆ ಮಾಡಲು ನೆಲದ ಮೇಲೆ ಗೋಡೆಯ ಚೌಕಕ್ಕೆ ನೇರವಾಗಿ ಒಂದು ಗೆರೆ ಎಳೆ. ಹೊಡೆದ ಮೇಲೆ ಅಲ್ಲಾಡದೆ ನಿಂತು ಎಡ ಪಾದ ನೋಡು, ಗೆರೆಯ ಮೇಲೇ ಇರಬೇಕು. ಪಾದ ಸರಿ ಇದ್ದೂ ಚೆಂಡು ಎಡಕ್ಕೆ ಹೋದರೆ ತಪ್ಪು ಭುಜದ್ದು. ಆಗ ಅರ್ಧ ಬೀಸಿನಲ್ಲಿ, ಹರ್ಲಿಯನ್ನು ಸೊಂಟದ ಎತ್ತರಕ್ಕಷ್ಟೇ ಹಿಂದೆ ಒಯ್ದು, ಮಣಿಕಟ್ಟಿನಿಂದಲೇ 50 ಹೊಡೆ. ಚೆಂಡು ಬಾಸ್‌ನ ನಡುವೆ ತಾಗಿದಾಗ ಬರುವ ಸದ್ದು ಬೇರೆಯೇ, ಒಣಗಿದ ಸದ್ದು, ಕೈಗೆ ನಡುಕವೇ ಬರುವುದಿಲ್ಲ. ಆ ಸದ್ದಿಗೆ ಕಿವಿ ಕೊಡು.

ಹಲಗೆ ಲೆಕ್ಕ

ಹರ್ಲಿ ಮಾಡಿಸುವ ವಿಚಾರಕ್ಕೆ ಬರುತ್ತೇನೆ. ಸಾಗವಾನಿ ಹಲಗೆಯಲ್ಲಿ ಮಾಡಿಸಬೇಡಿ, ದುಡ್ಡೂ ಮರವೂ ಹಾಳು. ಮರ ಕೆಟ್ಟದ್ದು ಅಂತಲ್ಲ, ಎಳೆ ನೇರ ಇರುತ್ತದೆ. ಹರ್ಲಿಯ ಬಾಸ್ ಬಾಗಿರುವ ಕಡೆ ಮರದ ಎಳೆಯೂ ಬಾಗಿ ಬರಬೇಕು. ಅದಕ್ಕೇ ಅಲ್ಲಿ ಆ್ಯಶ್ ಮರದ ಬುಡದ ತುಂಡನ್ನೇ, ಬೇರು ಹೊರಳುವ ಜಾಗ ಸೇರಿಸಿ ಸೀಳುತ್ತಾರೆ. ನೇರ ಹಲಗೆಯಿಂದ ಆ ಆಕಾರ ಕೊಯ್ದರೆ ಬಾಗಿನಲ್ಲಿ ಎಳೆಗಳು ಅಡ್ಡಡ್ಡ ತುಂಡಾಗಿರುತ್ತವೆ, ಮೊದಲ ಗಟ್ಟಿ ಹೊಡೆತಕ್ಕೆ ಮೂತಿ ಹಾರಿಹೋಗುತ್ತದೆ. ಹರ್ಲಿಗೆ ಐರಿಷ್ ಹೆಸರು ಕಮಾನ್, ಬಾಗಿದ್ದು ಅನ್ನುವ ಅರ್ಥದ ಪದದಿಂದ ಬಂದದ್ದು. ನಮ್ಮ ಕಮಾನಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯದು: ಎಳೆ ಕಮಾನಾಗಿರಬೇಕು.

ಟೆನಿಸ್ ಚೆಂಡಿನ ಅಭ್ಯಾಸಕ್ಕೆ ಸಾಕೆಂದರೆ ನೀರು ತಡೆಯುವ 12 ಎಂಎಂ ಪ್ಲೈವುಡ್‌ನಲ್ಲಿ ನಿಮ್ಮ ಹರ್ಲಿಯನ್ನೇ ಅಚ್ಚಿಟ್ಟು ಕೊಯ್ಯಿಸಿ. ಪದರಗಳು ಅಡ್ಡಡ್ಡ ಕೂತಿರುವುದರಿಂದ ಸೀಳುವುದಿಲ್ಲ. ಹಿಡಿಕೆಯ ಎರಡೂ ಬದಿಗೆ ಪಟ್ಟಿ ಅಂಟಿಸಿ, ದುಂಡಗೆ ಉಜ್ಜಿ. ಬಾಸ್ ಅಗಲ 13 ಸೆಂಟಿಮೀಟರ್ ಮೀರದಿರಲಿ, ನಿಯಮವೂ ಅಷ್ಟೇ. ಇದರಲ್ಲಿ ಶ್ಲಿಟರ್ ಹೊಡೆಯಬೇಡಿ. ಹಾಕಿ ಸ್ಟಿಕ್ ಕೊಟ್ಟು ಕಲಿಸುವುದೂ ಬೇಡ, ಅದರ ಒಂದೇ ಮುಖ ಚಪ್ಪಟೆ, ಎಡ ಬದಿಯ ಹೊಡೆತ ಬರುವುದೇ ಇಲ್ಲ.

ಕರಾವಳಿಯಲ್ಲಿ ಇದ್ದೀರಲ್ಲ, ಬಾಸ್ ಸುತ್ತ ಇರುವ ತಗಡಿನ ಪಟ್ಟಿಯನ್ನು ವಾರಕ್ಕೊಮ್ಮೆ ಬೆರಳಲ್ಲಿ ಸವರಿ ನೋಡಿ. ಉಪ್ಪು ಗಾಳಿಗೆ ತುಕ್ಕು ಹಿಡಿದು ಮೊಳೆ ಸಡಿಲಾದರೆ ಅಂಚು ಬ್ಲೇಡಿನ ಹಾಗೆ ಎದ್ದು ನಿಲ್ಲುತ್ತದೆ. ಕೂಡಲೇ ಬಡಿದು ಕೂರಿಸಿ, ಮೇಲೆ ಟೇಪ್ ಸುತ್ತಿ. ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ತೆಂಗಿನೆಣ್ಣೆ ಮನೆಯಲ್ಲಿದೆ ಅಂತ ಅದನ್ನು ಹಚ್ಚಬೇಡಿ, ಅದು ಒಣಗಿ ಪದರ ಕಟ್ಟುವ ಎಣ್ಣೆ ಅಲ್ಲ, ಜಿಡ್ಡಾಗೇ ಉಳಿದು ಮರಳು ಹಿಡಿಯುತ್ತದೆ.

ಕಾಳಿ ತೀರ

ಜೂನ್ ಬಂತು, ಚೆಂಡಿನ ಬಗ್ಗೆ ಒಂದು ಮಾತು. ಶ್ಲಿಟರ್ ಒಳಗೆ ಕಾರ್ಕ್, ಮೇಲೆ ಚರ್ಮ. ನೆನೆದರೆ ಭಾರ ಏರುತ್ತದೆ, ದೂರ ಹೋಗುವುದಿಲ್ಲ. ನಿಮ್ಮ ಬೀಸು ಕೆಟ್ಟಿತು ಅಂದುಕೊಂಡು ತಿದ್ದಲು ಹೋಗಬೇಡಿ. ಸಮುದ್ರದ ನೀರು ತಾಗಿದ್ದರೆ ಸಿಹಿ ನೀರಿನ ಬಟ್ಟೆಯಲ್ಲಿ ಒರೆಸಿ, ಪೇಪರ್ ಸುತ್ತಿ ನೆರಳಲ್ಲಿಡಿ. ಬಚ್ಚಲ ಒಲೆಯ ಮೇಲೆ ಇಟ್ಟು ಒಣಗಿಸಿದರೆ ಚರ್ಮ ಸೆಟೆದು ಏಣಿನ ಹತ್ತಿರ ಬಿರಿಯುತ್ತದೆ. ಎರಡು ಚೆಂಡು ಇದೆ ಅಂದಿರಿ, ಒಂದನ್ನು ಮಳೆಗೆ ಅಂತಲೇ ಮೀಸಲಿಡಿ.