ಅಪ್‌ಡೇಟ್: ವಿಚ್ ತೋರಿಸುವುದು ಹೊಸ ನೋಡ್, ಓಡುವುದು ಹಳೇ ನೋಡ್ – ಬಗೆಹರಿಯಿತು

ಯುಎಸ್‌ಆರ್/ಲೋಕಲ್/ಬಿನ್‌ಗೆ ಹೊಸ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಹಾಕಿದ ಮೇಲೂ, ಕಮಾಂಡ್‌ನ ಫೈಲ್ ಎಲ್ಲಿದೆ ಎಂದು ಹೇಳುವ ವಿಚ್ ಹೊಸದನ್ನೇ ತೋರಿಸಿದರೂ, ಅದೇ ಟರ್ಮಿನಲ್‌ನಲ್ಲಿ ಯುಎಸ್‌ಆರ್/ಬಿನ್‌ನ ಹಳೆಯದೇ ಓಡುತ್ತಿತ್ತಲ್ಲ, ಸರಿಹೋಯಿತು. ಪಾತ್‌ನಲ್ಲಿ (ಕಮಾಂಡ್ ಹುಡುಕಬೇಕಾದ ಫೋಲ್ಡರ್‌ಗಳ ಕ್ರಮವಾದ ಪಟ್ಟಿ) ಲೋಕಲ್/ಬಿನ್ ಹಳೆಯದಕ್ಕಿಂತ ಮೊದಲೇ ಇತ್ತು, ಅಲ್ಲೇನೂ ತಪ್ಪಿರಲಿಲ್ಲ.

ಕೆಲಸ ಮಾಡಿದ್ದು "ಹ್ಯಾಶ್ -ಆರ್". ಸೂಚಿಸಿದವರಿಗೆ ಥ್ಯಾಂಕ್ಸ್! ಬ್ಯಾಶ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ಓಡಿಸುವ ಶೆಲ್) ಒಮ್ಮೆ ಹುಡುಕಿದ ಕಮಾಂಡ್‌ನ ಪೂರ್ತಿ ವಿಳಾಸವನ್ನು ಹ್ಯಾಶ್ ಪಟ್ಟಿಯಲ್ಲಿ ನೆನಪಿಟ್ಟುಕೊಂಡು, ಮುಂದಿನ ಸಲ ಪಾತ್ ಹುಡುಕದೆ ನೇರ ಅಲ್ಲಿಗೇ ಹೋಗುತ್ತದೆ. "-ಆರ್" ಆ ಪಟ್ಟಿಯನ್ನು ಅಳಿಸುತ್ತದೆ. ಉಬುಂಟುವಿನಲ್ಲಿ ವಿಚ್ ಬೇರೆಯೇ ಪ್ರೋಗ್ರಾಂ. ಶೆಲ್‌ನ ಆ ನೆನಪು ಅದಕ್ಕೆ ಕಾಣದು. ಪಾತ್ ಹೊಸದಾಗಿ ಹುಡುಕಿ ಹೊಸ ನೋಡ್ ತೋರಿಸಿತು, ಅಷ್ಟೇ. "ಟೈಪ್ ನೋಡ್" ಅಂದರೆ ಮಾತ್ರ "ಹ್ಯಾಶ್ಡ್" ಎಂದು ಹಳೇ ವಿಳಾಸ ಬಂತು. ಒಂದೇ ಕಮಾಂಡ್ ಮರೆಸಬೇಕಿದ್ದರೆ "ಹ್ಯಾಶ್ -ಡಿ ನೋಡ್" ಸಾಕು.

ಮರು ಇನ್‌ಸ್ಟಾಲ್‌ನಿಂದ ಉಪಯೋಗವಾಗಲಿಲ್ಲ. ಫೈಲ್‌ಗಳನ್ನು ಹುಡುಕಿಕೊಡುವ ವೇರ್‌ಈಸ್ ಕಮಾಂಡ್ ಎರಡು ನೋಡ್‌ಗಳನ್ನೂ ಪಟ್ಟಿ ಮಾಡಿತು, ಯಾವುದು ಓಡುತ್ತದೆ ಅಂತ ಹೇಳಲಿಲ್ಲ. "ಟೈಪ್ -ಎ" ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ -ಎ ಕೊಟ್ಟರೆ ಅದು ಹ್ಯಾಶ್ ಪಟ್ಟಿಯನ್ನು ನೋಡುವುದೇ ಇಲ್ಲ.

ಅಚ್ಚರಿಯ ಸಂಗತಿ: ಪಾತ್‌ಗೆ ಏನೇ ಮೌಲ್ಯ ಕೊಟ್ಟರೂ, ಅದೇ ಮೌಲ್ಯವನ್ನೇ ಮತ್ತೆ ಕೊಟ್ಟರೂ, ಬ್ಯಾಶ್ ಈ ಹ್ಯಾಶ್ ಪಟ್ಟಿಯನ್ನು ಅಳಿಸುತ್ತದೆ. ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶುರುವಾಗುವಾಗ ಓದುವ ಫೈಲ್) ಪಾತ್‌ಗೆ ಮೌಲ್ಯ ಕೊಡುವ ಸಾಲು ಇದ್ದವರಿಗೆ ಆ ಫೈಲನ್ನು ಸೋರ್ಸ್ ಮಾಡಿದರೆ (ಈಗಿನ ಶೆಲ್‌ನಲ್ಲೇ ಮತ್ತೆ ಓಡಿಸಿದರೆ) ಸರಿಹೋಗುವುದು ಇದೇ ಕಾರಣಕ್ಕೆ. "ಶಾಪ್ಟ್ -ಎಸ್ ಚೆಕ್‌ಹ್ಯಾಶ್" ಎಂಬ ಬ್ಯಾಶ್ ಆಯ್ಕೆ ಹಾಕಿಟ್ಟುಕೊಂಡರೆ, ಹಳೇ ಫೈಲ್ ಅಳಿಸಿಹೋಗಿದ್ದಾಗ ಮಾತ್ರ ಮತ್ತೆ ಹುಡುಕುತ್ತದೆ. ನನ್ನ ಹಾಗೆ ಹಳೇದು, ಹೊಸದು ಎರಡೂ ಇದ್ದರೆ ಪ್ರಯೋಜನವಿಲ್ಲ. ಬ್ಯಾಶ್ ಬದಲು ಝಡ್‌ಶೆಲ್ ಎಂಬ ಶೆಲ್ ಬಳಸುವವರು "ರೀಹ್ಯಾಶ್" ಕೊಡಿ.